ಡೈಜೆಸ್ಟರ್‌ಗೆ ಮುನ್ನ ಕೆಸರನ್ನು ಅಲ್ಟ್ರಾಸೌಂಡ್‌ನಿಂದ ಒಡೆಯುವುದು: ಬೀಕರ್‌ನಿಂದ ಸ್ಥಾವರದವರೆಗೆ

ಕೊಳಚೆ ನೀರು ಶುದ್ಧೀಕರಣ ಸ್ಥಾವರದಲ್ಲಿ ದುಡಿದವರಿಗೆಲ್ಲ ಗೊತ್ತಿರುವ ಸಂಗತಿಯೆಂದರೆ, ಅಲ್ಲಿ ನೀರಿಗಿಂತ ಹೆಚ್ಚು ಕಾಡುವುದು ಕೆಸರು. ಶುದ್ಧವಾದ ನೀರು ತಾನಾಗಿ ಹರಿದು ಹೋಗುತ್ತದೆ. ಕೆಸರು ಹಾಗಲ್ಲ, ಅದು ಪ್ರತಿದಿನ ಹುಟ್ಟುತ್ತಲೇ ಇರುತ್ತದೆ, ಅದನ್ನು ಹಿಂಡಬೇಕು, ಲಾರಿಗೆ ತುಂಬಬೇಕು, ಯಾರೂ ಆಕ್ಷೇಪಿಸದ ಜಾಗವನ್ನು ಹುಡುಕಿ ಹಾಕಬೇಕು. ಈ ಕೆಸರನ್ನು ಡೈಜೆಸ್ಟರ್‌ಗೆ, ಅಂದರೆ ಗಾಳಿಯಿಲ್ಲದೆ ಜೀವಾಣುಗಳು ಕೆಸರನ್ನು ಜೀರ್ಣಿಸಿ ಮೀಥೇನ್ ಗ್ಯಾಸ್ ಮಾಡುವ ಮುಚ್ಚಿದ ಟ್ಯಾಂಕಿಗೆ, ಬಿಡುವ ಮೊದಲು ಅಲ್ಟ್ರಾಸೌಂಡ್ ಅಲೆಗಳಿಂದ ಒಡೆದರೆ ಹೆಚ್ಚು ಗ್ಯಾಸ್ ಬರುತ್ತದೆ, ಉಳಿಯುವ ಕೆಸರು ಕಡಿಮೆಯಾಗುತ್ತದೆ. ಆದರೆ ಲೆಕ್ಕ ತಪ್ಪಿದರೆ, ಬಂದ ಗ್ಯಾಸಿನಿಂದ ಸಿಗುವುದಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ಯಂತ್ರವೇ ತಿಂದುಹಾಕುತ್ತದೆ. ಆದ್ದರಿಂದ ಯಂತ್ರ ಕೊಳ್ಳುವ ಮೊದಲು ನಿಮ್ಮದೇ ಕೆಸರಿನ ಮೇಲೆ ಪ್ರಯೋಗ ಮಾಡುವುದು ಹೇಗೆ, ಲೆಕ್ಕ ಹಾಕುವುದು ಹೇಗೆ, ಆಮೇಲೆ ಸ್ಥಾವರದಲ್ಲಿ ಅಳವಡಿಸುವುದು ಹೇಗೆ ಎಂಬುದನ್ನು ಡೈಜೆಸ್ಟರ್ ಇರುವ ಸ್ಥಾವರದ ಎಂಜಿನಿಯರ್ ಮತ್ತು ಲ್ಯಾಬ್ ಸಿಬ್ಬಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾವ ಕೆಸರು ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಮೊದಲ ಹಂತದ ತೊಟ್ಟಿಯಲ್ಲಿ ತಳಕ್ಕೆ ಇಳಿಯುವ ಕೆಸರಿನಲ್ಲಿ ಮಲ, ಆಹಾರದ ಚೂರು, ಕೊಬ್ಬು, ಕಾಗದದ ನಾರು ಇರುತ್ತವೆ. ಡೈಜೆಸ್ಟರ್‌ನ ಜೀವಾಣುಗಳಿಗೆ ಅದು ಸುಲಭದ ಊಟ, ಅದನ್ನು ಒಡೆಯಲು ವಿದ್ಯುತ್ ಸುಡುವುದು ವ್ಯರ್ಥ. ಗಾಳಿ ಊದಿ ಜೀವಾಣುಗಳನ್ನು ಬೆಳೆಸುವ ಏರೇಷನ್ ಟ್ಯಾಂಕಿನ ನಂತರ ಬರುವ ಎರಡನೆಯ ಹಂತದ ಕೆಸರಿನ ಸ್ವಭಾವವೇ ಬೇರೆ. ಅದರ ಬಹುಭಾಗ ಬ್ಯಾಕ್ಟೀರಿಯಾಗಳೇ. ಅವು ತಮ್ಮ ಸುತ್ತ ಅಂಟಿನಂಥ ಪದಾರ್ಥವನ್ನು ಸ್ರವಿಸಿಕೊಂಡು ಗುಂಪುಗುಂಪಾಗಿ ಹೆಪ್ಪುಗಟ್ಟಿರುತ್ತವೆ, ಪ್ರತಿಯೊಂದಕ್ಕೂ ತನ್ನದೇ ಜೀವಕೋಶದ ಗೋಡೆ ಇರುತ್ತದೆ. ಇದನ್ನು ನೇರವಾಗಿ ಡೈಜೆಸ್ಟರ್‌ಗೆ ಬಿಡುವುದೆಂದರೆ ಹುರುಳಿಕಾಳನ್ನು ನೆನೆಹಾಕದೆ ಒಲೆಯ ಮೇಲಿಟ್ಟಂತೆ; ಬೇಯುತ್ತದೆ, ಆದರೆ ಬಹಳ ಹೊತ್ತು ಬೇಕು, ಅಷ್ಟಾದರೂ ಕೆಲವು ಕಾಳು ಗಟ್ಟಿಯಾಗಿಯೇ ಉಳಿಯುತ್ತವೆ. ಮೀಥೇನ್ ಆಗುವ ಸರಪಳಿಯಲ್ಲಿ ಅತಿ ನಿಧಾನದ ಹೆಜ್ಜೆ ಮೊದಲನೆಯದು, ಅಂದರೆ ಘನರೂಪದ ಸಾವಯವ ವಸ್ತು ಕರಗಿ ದ್ರವಕ್ಕೆ ಬರುವ ಜಲವಿಭಜನೆ. ಅಲ್ಟ್ರಾಸೌಂಡ್ ಸಹಾಯ ಮಾಡುವುದು ಈ ಒಂದು ಹೆಜ್ಜೆಗೆ ಮಾತ್ರ.

ಆ ಸಹಾಯ ನಡೆಯುವ ಬಗೆ ಹೀಗಿದೆ. 20 ಕಿಲೋಹರ್ಟ್ಸ್ ಆಸುಪಾಸಿನ ಕಂಪನವನ್ನು ದ್ರವಕ್ಕೆ ಕೊಟ್ಟಾಗ ಒತ್ತಡ ಸೆಕೆಂಡಿಗೆ 20 ಸಾವಿರ ಬಾರಿ ಏರಿ ಇಳಿಯುತ್ತದೆ. ಒತ್ತಡ ಇಳಿದ ಕ್ಷಣದಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ, ಕೆಲವು ಸುತ್ತುಗಳಲ್ಲಿ ಹಿಗ್ಗಿ, ಕೊನೆಗೆ ಒಮ್ಮೆಲೇ ಕುಸಿಯುತ್ತವೆ. ಕುಸಿಯುವ ಗುಳ್ಳೆಯೊಳಗೆ ಆ ಕ್ಷಣಾರ್ಧದಲ್ಲಿ ಸಾವಿರಾರು ಡಿಗ್ರಿ ಶಾಖ, ನೂರಾರು ವಾತಾವರಣಗಳಷ್ಟು ಒತ್ತಡ ಉಂಟಾಗುತ್ತದೆ, ಹೊರಗಿನ ದ್ರವ ಸೂಜಿಯಂತೆ ನುಗ್ಗುತ್ತದೆ. ಕೆಸರಿನ ಹೆಪ್ಪನ್ನು ಬಿಡಿಸುವುದು, ಕೋಶದ ಗೋಡೆಯನ್ನು ಹರಿಯುವುದು ಮುಖ್ಯವಾಗಿ ಹೀಗೆ ನುಗ್ಗುವ ದ್ರವದ ಎಳೆತವೇ. ಕಂಪನದ ಸಂಖ್ಯೆ ಹೆಚ್ಚಿದಷ್ಟೂ ಗುಳ್ಳೆಗಳು ಚಿಕ್ಕದಾಗುತ್ತವೆ: ನೀರಿನಲ್ಲಿ 20 ಕಿಲೋಹರ್ಟ್ಸ್‌ಗೆ ಅನುರಣಿಸುವ ಗುಳ್ಳೆಯ ವ್ಯಾಸ ಸುಮಾರು 0.3 ಮಿಲಿಮೀಟರ್, 200 ಕಿಲೋಹರ್ಟ್ಸ್‌ನಲ್ಲಿ ಅದರ ಹತ್ತನೇ ಒಂದು ಭಾಗ. ದೊಡ್ಡ ಗುಳ್ಳೆ ಕುಸಿದಾಗಲೇ ದೊಡ್ಡ ಹೊಡೆತ. ಜರ್ಮನಿಯಲ್ಲಿ ಟೀಮ್ (Tiehm), ನಿಕೆಲ್, ನೈಸ್ ಎಂಬ ಸಂಶೋಧಕರು ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 41ರಿಂದ 3,217 ಕಿಲೋಹರ್ಟ್ಸ್‌ವರೆಗೆ ಪರೀಕ್ಷಿಸಿದಾಗ ಅತಿ ಕಡಿಮೆಯದಾದ 41 ಕಿಲೋಹರ್ಟ್ಸ್ ಅತಿ ಪರಿಣಾಮಕಾರಿ ಎಂದು ಕಂಡುಬಂತು. ಇದೇ ತಂಡದವರು 1997ರಲ್ಲಿ 31 ಕಿಲೋಹರ್ಟ್ಸ್‌ನಿಂದ ಒಡೆದ ಕೆಸರನ್ನು ಜೀರ್ಣಿಸಿದಾಗ, 22 ದಿನಗಳ ಅವಧಿಯಲ್ಲಿ ಸಾವಯವ ಘನಾಂಶದ ಇಳಿಕೆ ಶೇ. 45.8ರಿಂದ ಶೇ. 50.3ಕ್ಕೆ ಏರಿತು, ಅವಧಿಯನ್ನು 8 ದಿನಕ್ಕೆ ಇಳಿಸಿದರೂ ಇಳಿಕೆ ಶೇ. 44.3 ಇತ್ತು. ಎರಡನೆಯ ಸಂಗತಿಯೇ ಹೆಚ್ಚು ಮುಖ್ಯವೆಂದು ನನ್ನ ಭಾವನೆ. ಅಲ್ಟ್ರಾಸೌಂಡ್‌ನ ನಿಜವಾದ ಕೊಡುಗೆ ಕೊನೆಯ ಇಳುವರಿಗಿಂತ ವೇಗದಲ್ಲಿದೆ; ಡೈಜೆಸ್ಟರ್ ಚಿಕ್ಕದಾಗಿ, ಕೆಸರು ಹೆಚ್ಚಾಗಿ, ಹೊಸ ಟ್ಯಾಂಕ್ ಕಟ್ಟಲು ಜಾಗವಿಲ್ಲದ ಸ್ಥಾವರಕ್ಕೆ ಅದು ಹೆಚ್ಚು ಒದಗುತ್ತದೆ.

ಇನ್ನು ಪ್ರಯೋಗ. ಇದಕ್ಕೆ 20 ಕಿಲೋಹರ್ಟ್ಸ್‌ನ, ಕೆಲವು ನೂರು ವ್ಯಾಟ್‌ನ ಲ್ಯಾಬ್ ಪ್ರೋಬ್ ಸಾಕು. ಜನರೇಟರ್, ವಿದ್ಯುತ್ತನ್ನು ಕಂಪನವಾಗಿಸುವ ಕನ್ವರ್ಟರ್, ಕಂಪನವನ್ನು ಹಿಗ್ಗಿಸುವ ಬೂಸ್ಟರ್, ದ್ರವದಲ್ಲಿ ಮುಳುಗುವ ಟೈಟಾನಿಯಮ್ ಹಾರ್ನ್, ಇಷ್ಟೇ ಅದರ ಭಾಗಗಳು. ಪಾತ್ರೆ ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿಯನ್ನು ಬಳಸಬೇಡಿ. ಅದರಲ್ಲಿ ಶಕ್ತಿ ಇಡೀ ತೊಟ್ಟಿಗೆ ಹರಡಿ ತೆಳುವಾಗುವುದರಿಂದ ಸ್ಥಾವರದ ಯಂತ್ರದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಮೊದಲ ಕೆಲಸವೆಂದರೆ ಪ್ರೋಬ್ ದ್ರವಕ್ಕೆ ನಿಜವಾಗಿ ಎಷ್ಟು ಶಕ್ತಿ ಕೊಡುತ್ತಿದೆ ಎಂದು ಅಳೆಯುವುದು, ಏಕೆಂದರೆ ಪೆಟ್ಟಿಗೆಯ ಮೇಲೆ ಬರೆದ ವ್ಯಾಟ್ ಬೇರೆ, ಬೀಕರ್‌ಗೆ ಇಳಿಯುವ ವ್ಯಾಟ್ ಬೇರೆ. ಬೀಕರ್‌ನಲ್ಲಿ 500 ಮಿಲಿಲೀಟರ್ ನೀರು ತೆಗೆದುಕೊಂಡು, ಹೊರಗೆ ಥರ್ಮೋಕೋಲ್ ಸುತ್ತಿ, ಹಾರ್ನನ್ನು ಒಂದೆರಡು ಸೆಂಟಿಮೀಟರ್ ಮುಳುಗಿಸಿ, ಸರಿಯಾಗಿ 60 ಸೆಕೆಂಡ್ ಚಾಲನೆ ಮಾಡಿ ಉಷ್ಣಾಂಶದ ಏರಿಕೆಯನ್ನು ಬರೆದುಕೊಳ್ಳಿ. ಏರಿಕೆ 2.5 ಡಿಗ್ರಿ ಆಗಿದ್ದರೆ, ಅರ್ಧ ಕಿಲೋ ನೀರು, 4.18 ಕಿಲೋಜೂಲ್, 2.5 ಡಿಗ್ರಿ, ಈ ಮೂರನ್ನೂ ಗುಣಿಸಿ 60ರಿಂದ ಭಾಗಿಸಿದಾಗ ಸುಮಾರು 87 ವ್ಯಾಟ್ ಬರುತ್ತದೆ. ಪ್ರಯೋಗದ ಲೆಕ್ಕಕ್ಕೆ ಈ ಸಂಖ್ಯೆ. ಕೊನೆಯ ಖರ್ಚಿನ ಲೆಕ್ಕಕ್ಕೆ ಮಾತ್ರ ಗೋಡೆಯ ಪ್ಲಗ್ಗಿನಿಂದ ಎಳೆದ ಯೂನಿಟ್.

ಕೆಸರನ್ನು ಅಂದೇ ಬೆಳಿಗ್ಗೆ, ಕೆಸರಿನ ನೀರನ್ನು ಇಳಿಸಿ ಗಟ್ಟಿಯಾಗಿಸುವ ಥಿಕನರ್‌ನಿಂದ ಹೊರಬರುವ ಪೈಪಿನಿಂದ ತೆಗೆದುಕೊಳ್ಳಬೇಕು. ಒಂದು ರಾತ್ರಿ ಇಟ್ಟ ಕೆಸರು ತಾನಾಗಿ ಹುಳಿಯುವುದರಿಂದ ಫಲಿತಾಂಶ ಕೆಡುತ್ತದೆ. ಒಣ ಘನಾಂಶ ಶೇ. 2ರಿಂದ 4ರ ನಡುವೆ ಇದ್ದರೆ ಒಳ್ಳೆಯದು. ಅದಕ್ಕಿಂತ ತೆಳುವಾದರೆ ಶಕ್ತಿ ಬರಿಯ ನೀರನ್ನು ಬಿಸಿ ಮಾಡುತ್ತದೆ. ಬಹಳ ಗಟ್ಟಿಯಾದರೆ ಕಂಪನ ಹಾರ್ನಿನ ತುದಿಯಲ್ಲೇ ಇಂಗಿಹೋಗಿ, ಬೀಕರ್‌ನ ಅಂಚಿನ ಕೆಸರು ಅಲುಗದೆ ನಿಂತುಬಿಡುತ್ತದೆ.

ಪ್ರಮಾಣವನ್ನು ಎಂದಿಗೂ ನಿಮಿಷದಲ್ಲಿ ಹೇಳಬಾರದು. "5 ನಿಮಿಷ ಕೊಟ್ಟೆವು" ಎಂಬ ಮಾತಿಗೆ ಅರ್ಥವಿಲ್ಲ. ಒಂದು ಕಿಲೋ ಒಣ ಘನಾಂಶಕ್ಕೆ ಎಷ್ಟು ಕಿಲೋಜೂಲ್ ಕೊಟ್ಟೆವು ಎಂಬುದೇ ಅಳತೆಗೋಲು, ಬೀಕರ್‌ನಿಂದ ಸ್ಥಾವರಕ್ಕೆ ಒಯ್ಯಬಹುದಾದ ಸಂಖ್ಯೆ ಅದೊಂದೇ. ಶೇ. 3ರ ಕೆಸರು 500 ಮಿಲಿಲೀಟರ್ ಎಂದರೆ 15 ಗ್ರಾಂ ಒಣ ಘನಾಂಶ. 100 ವ್ಯಾಟ್ ಇಳಿಯುತ್ತಿದ್ದರೆ 45 ಸೆಕೆಂಡಿಗೆ ಕಿಲೋಗೆ 300 ಕಿಲೋಜೂಲ್, 150 ಸೆಕೆಂಡಿಗೆ 1,000, ಏಳೂವರೆ ನಿಮಿಷಕ್ಕೆ 3,000 ಆಗುತ್ತದೆ. ಈ ಮೂರು ಪ್ರಮಾಣಗಳಲ್ಲಿ ಮಾದರಿ ಮಾಡಿ, ಏನೂ ಮಾಡದ ನಾಲ್ಕನೆಯದನ್ನು ಹೋಲಿಕೆಗೆ ಇಟ್ಟುಕೊಳ್ಳಿ.

ಐದನೆಯದೂ ಒಂದು ಬೇಕು. ಏಳೂವರೆ ನಿಮಿಷದ ಪ್ರಯೋಗದಲ್ಲಿ 45 ಕಿಲೋಜೂಲ್ ಇಳಿದು ಕೆಸರು 21 ಡಿಗ್ರಿಯಷ್ಟು ಬಿಸಿಯಾಗುತ್ತದೆ, 25 ಡಿಗ್ರಿಯಿಂದ ಹೊರಟದ್ದು 46ಕ್ಕೆ ಹೋಗುತ್ತದೆ. ಆ ಶಾಖವೂ ಕೆಸರನ್ನು ಸ್ವಲ್ಪ ಸಡಿಲಿಸುತ್ತದೆ. ನಾನು ಮೊದಲ ಬಾರಿ ಈ ಪ್ರಯೋಗ ಮಾಡಿದಾಗ ಉಷ್ಣಾಂಶದ ಕಡೆ ಗಮನ ಕೊಡದೆ, ಬಂದ ಫಲವನ್ನೆಲ್ಲ ಅಲ್ಟ್ರಾಸೌಂಡ್‌ನ ಖಾತೆಗೆ ಬರೆದು ಸಂತೋಷಪಟ್ಟಿದ್ದೆ. ಆಮೇಲೆ ಅದೇ ಕೆಸರನ್ನು ಬರೀ ನೀರಿನ ಸ್ನಾನದಲ್ಲಿ ಅಷ್ಟೇ ಬಿಸಿ ಮಾಡಿ ನೋಡಿದಾಗ, ಆ ಫಲದಲ್ಲಿ ಒಂದು ಪಾಲು ಬಿಸಿಯದೆಂದು ತಿಳಿದು ಇಡೀ ವಾರದ ಕೆಲಸವನ್ನು ಮತ್ತೆ ಮಾಡಬೇಕಾಯಿತು. ಆದ್ದರಿಂದ ಬೀಕರನ್ನು ಮಂಜುಗಡ್ಡೆಯಲ್ಲಿಟ್ಟು ತಂಪಾಗಿಸಿ, ಇಲ್ಲವೇ ಅಷ್ಟೇ ಹೊತ್ತು ಅಷ್ಟೇ ಬಿಸಿಗೆ ಏರಿಸಿದ ಒಂದು ಮಾದರಿಯನ್ನು ಜೊತೆಗಿಡಿ.

ಪ್ರಯೋಗದ ನಡುವೆ ಕಣ್ಣನ್ನೂ ಬಳಸಬೇಕು. ಹಾರ್ನ್ ಚಾಲೂ ಆದಾಗ ಕೆಸರಿನಿಂದ ಬಾಣಲೆಯಲ್ಲಿ ಎಣ್ಣೆ ಸಿಡಿಯುವಂಥ ಸದ್ದು ಬರುತ್ತದೆ. ಗುಳ್ಳೆಗಳು ಕುಸಿಯುತ್ತಿವೆ ಎಂಬುದಕ್ಕೆ ಅದೇ ಗುರುತು. ಅದು ಮಂಕಾಗಿ ಬರಿಯ ಗುಂಯ್‌ಗುಡುವಿಕೆಯಾದರೆ ಕೆಸರು ಗಟ್ಟಿಯಾಗಿದೆ ಅಥವಾ ಹಾರ್ನಿನ ತುದಿಗೆ ಕೂದಲು ಸುತ್ತಿಕೊಂಡಿದೆ ಎಂದರ್ಥ. ಮುಗಿದ ಮೇಲೆ ಅಳತೆ ಜಾಡಿಗೆ ಸುರಿದು ಅರ್ಧ ಗಂಟೆ ಬಿಟ್ಟರೆ, ಒಡೆಯದ ಕೆಸರಿನ ಮೇಲೆ ತಿಳಿನೀರು ನಿಲ್ಲುತ್ತದೆ, ಒಡೆದದ್ದರ ಮೇಲೆ ಹಾಲು ಕಡಿಮೆ ಹಾಕಿದ ಕಾಫಿಯ ಬಣ್ಣದ ಕದಡು ನೀರು. ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ, ಮೊದಲು ಹತ್ತಿಯ ಮುದ್ದೆಯಂತಿದ್ದ ಹೆಪ್ಪುಗಳು ಬಿಡಿಬಿಡಿಯಾಗಿ, ಅವನ್ನು ಹೆಣೆದಿದ್ದ ದಾರದಂಥ ಸೂಕ್ಷ್ಮಜೀವಿಗಳು ತುಂಡುತುಂಡಾಗಿ ಕಾಣುತ್ತವೆ.

ಸಂಖ್ಯೆಯಲ್ಲಿ ಹೇಳಲು ಕರಗಿದ ಸಿಒಡಿ, ಅಂದರೆ ದ್ರವದಲ್ಲಿ ಕರಗಿರುವ ಸಾವಯವ ವಸ್ತುವನ್ನು ರಾಸಾಯನಿಕವಾಗಿ ಉರಿಸಲು ಬೇಕಾಗುವ ಆಮ್ಲಜನಕದ ಪ್ರಮಾಣ, ಅಳೆಯುವುದು ರೂಢಿ. ಮಾದರಿಯನ್ನು ಸೆಂಟ್ರಿಫ್ಯೂಜ್ ಮಾಡಿ, ತಿಳಿಯನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ಸಿಒಡಿ ನೋಡಬೇಕು. ಅದೇ ಕೆಸರಿನ ಇನ್ನೊಂದು ಪಾಲನ್ನು 0.5 ಮೋಲಾರ್ ಕಾಸ್ಟಿಕ್ ಸೋಡಾದಲ್ಲಿ ಸುಮಾರು ಒಂದು ದಿನ ಬಿಟ್ಟು ಅದರ ಕರಗಿದ ಸಿಒಡಿಯನ್ನೂ ಅಳೆಯಬೇಕು. ಅಲ್ಟ್ರಾಸೌಂಡ್‌ನಿಂದಾದ ಏರಿಕೆಯನ್ನು ಕಾಸ್ಟಿಕ್‌ನಿಂದಾದ ಏರಿಕೆಯಿಂದ ಭಾಗಿಸಿದರೆ ಬರುವ ಶೇಕಡಾವಾರು ಸಂಖ್ಯೆಗೆ ವಿಘಟನೆಯ ಮಟ್ಟ ಎನ್ನುತ್ತಾರೆ. ಇದು ಉಪಯುಕ್ತ ಸಂಖ್ಯೆ, ಆದರೆ ಹಾದಿ ತಪ್ಪಿಸುವ ಸಂಖ್ಯೆಯೂ ಹೌದು. ಕಿಲೋಗೆ 1,000 ಕಿಲೋಜೂಲ್‌ಗಿಂತ ಬಹಳ ಕೆಳಗೆ ಸಿಒಡಿ ಹೆಚ್ಚು ಏರುವುದೇ ಇಲ್ಲ, ಹೆಪ್ಪುಗಳು ಮಾತ್ರ ಬಿಡಿಸಿಕೊಳ್ಳುತ್ತವೆ. 3,000 ದಾಟಿದಾಗ ಸಿಒಡಿ ಚೆನ್ನಾಗಿ ಏರಿ ವರದಿ ಸುಂದರವಾಗಿ ಕಾಣುತ್ತದೆ. ಆ ಸುಂದರ ವರದಿಯನ್ನು ನಂಬಿ ಯಂತ್ರ ಕೊಂಡರೆ ಏನಾಗುತ್ತದೆ ಎಂಬುದಕ್ಕೆ ಈಗ ಹೇಳುವ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಮಾಡಿ ನೋಡಲೇಬೇಕು.

ಡೈಜೆಸ್ಟರ್‌ನಲ್ಲಿ ಒಂದು ಕಿಲೋ ಸಾವಯವ ಘನಾಂಶ ಹೆಚ್ಚಾಗಿ ಕರಗಿದರೆ ಸುಮಾರು 1.42 ಕಿಲೋ ಸಿಒಡಿ ಮೀಥೇನ್ ಆಗುತ್ತದೆ, ಪ್ರತಿ ಕಿಲೋ ಸಿಒಡಿಗೆ 0.35 ಘನ ಮೀಟರ್‌ನಂತೆ ಅರ್ಧ ಘನ ಮೀಟರ್ ಮೀಥೇನ್ ಸಿಗುತ್ತದೆ. ಒಂದು ಘನ ಮೀಟರ್ ಮೀಥೇನ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ, ಗ್ಯಾಸ್ ಎಂಜಿನ್ ಅದರ ಶೇ. 35ನ್ನು ವಿದ್ಯುತ್ ಮಾಡುತ್ತದೆ ಎಂದುಕೊಂಡರೆ, ಹೆಚ್ಚುವರಿಯಾಗಿ ಕರಗಿದ ಪ್ರತಿ ಕಿಲೋಗೆ ಕೈಗೆ ಬರುವುದು 1.75 ಯೂನಿಟ್. ಈಗ ಖರ್ಚು. 3,600 ಕಿಲೋಜೂಲ್ ಒಂದು ಯೂನಿಟ್ ಆದ್ದರಿಂದ ಕಿಲೋಗೆ 3,000 ಕಿಲೋಜೂಲ್ ಎಂದರೆ 0.83 ಯೂನಿಟ್, ಅದನ್ನು ಹಿಂದೆ ಪಡೆಯಬೇಕಾದರೆ ಪ್ರತಿ ಕಿಲೋ ಒಣ ಕೆಸರಿನಲ್ಲಿ 0.47 ಕಿಲೋ ಹೆಚ್ಚಾಗಿ ಕರಗಬೇಕು. ಕೆಸರಿನ ಶೇ. 70 ಸಾವಯವವಾಗಿದ್ದರೆ, ಈಗಾಗಲೇ ಕರಗುತ್ತಿರುವುದರ ಮೇಲೆ ಇನ್ನೂ 68 ಶೇಕಡಾ ಅಂಶಗಳಷ್ಟು ಕರಗಬೇಕೆಂದಾಯಿತು. ಅದು ಆಗದ ಮಾತು. ಅದೇ 300 ಕಿಲೋಜೂಲ್‌ನಲ್ಲಿ ಬೇಕಾಗುವುದು 7 ಶೇಕಡಾ ಅಂಶಗಳಿಗಿಂತ ಸ್ವಲ್ಪ ಕಡಿಮೆ. ಅದು ಪ್ರಯತ್ನಿಸಬಹುದಾದ ಗುರಿ. ಲ್ಯಾಬ್‌ನಲ್ಲಿ ಕಣ್ಣಿಗೆ ಹಬ್ಬವಾಗುವ ಪ್ರಮಾಣ ಬೇರೆ, ಸ್ಥಾವರದಲ್ಲಿ ಗಿಟ್ಟುವ ಪ್ರಮಾಣ ಬೇರೆ, ಇವೆರಡರ ನಡುವೆ ಹತ್ತು ಪಟ್ಟು ಅಂತರವಿದೆ ಎಂಬುದನ್ನು ಯಂತ್ರ ಮಾರಲು ಬಂದವರೂ ಕೊಳ್ಳುವವರೂ ಎದುರುಬದುರು ಕುಳಿತು ಮೊದಲೇ ಮಾತಾಡಿಕೊಳ್ಳಬೇಕು.

ಹೀಗಾಗಿ ಅಂತಿಮ ತೀರ್ಪು ಕೊಡಬೇಕಾದದ್ದು ಸಿಒಡಿ ಅಲ್ಲ, ಗ್ಯಾಸ್ ಬಾಟಲಿ. ನಿಮ್ಮ ಡೈಜೆಸ್ಟರ್‌ನಿಂದಲೇ ತಂದ ಕೆಸರನ್ನು ಹೆಪ್ಪಿನಂತೆ ಬಳಸಿ, ಅದರ ಸಾವಯವ ಘನಾಂಶ ಪರೀಕ್ಷೆಯ ಕೆಸರಿನದಕ್ಕಿಂತ ಸುಮಾರು ಎರಡರಷ್ಟಿರುವಂತೆ ಬೆರೆಸಿ, ಗಾಳಿಯನ್ನು ಸಾರಜನಕದಿಂದ ಹೊರದೂಡಿ, ಬಿಗಿಯಾಗಿ ಮುಚ್ಚಿ 35ರಿಂದ 37 ಡಿಗ್ರಿಯಲ್ಲಿ 30 ದಿನ ಇಡಬೇಕು. ಗ್ಯಾಸನ್ನು ಕಾಸ್ಟಿಕ್ ದ್ರಾವಣದ ಮೂಲಕ ಹಾಯಿಸಿದರೆ ಇಂಗಾಲದ ಡೈಆಕ್ಸೈಡ್ ಅಲ್ಲೇ ಉಳಿದು, ಪಲ್ಲಟವಾದ ದ್ರವದ ಅಳತೆಯೇ ಮೀಥೇನ್‌ನ ಅಳತೆಯಾಗುತ್ತದೆ. ಪ್ರತಿ ಪ್ರಮಾಣಕ್ಕೂ ಮೂರು ಬಾಟಲಿ, ಹೆಪ್ಪು ಮಾತ್ರ ಹಾಕಿದ ಮೂರು ಬಾಟಲಿ ಇರಲಿ. ಜೊತೆಗೆ, ಮೂರು ಪಾಲು ಒಡೆದ ಕೆಸರು, ಏಳು ಪಾಲು ಒಡೆಯದ ಕೆಸರು ಬೆರೆಸಿದ ಒಂದು ಸಾಲನ್ನೂ ಇಡಿ. ಸ್ಥಾವರದಲ್ಲಿ ನೀವು ಮಾಡುವುದು ಬಹುಶಃ ಅದನ್ನೇ. ಒಂದೇ ಪ್ರಮಾಣದ ಮೂರು ಬಾಟಲಿಗಳ ನಡುವಿನ ವ್ಯತ್ಯಾಸ ನೀವು ಹುಡುಕುತ್ತಿರುವ ಲಾಭಕ್ಕಿಂತ ದೊಡ್ಡದಾಗಿದ್ದರೆ, ಫಲ ಬಂತೆಂದು ಬರೆಯಬೇಡಿ, ಪ್ರಯೋಗವನ್ನು ಮತ್ತೆ ಮಾಡಿ. ದಿನದಿನದ ಗ್ಯಾಸಿನ ರೇಖೆಯನ್ನೂ ನೋಡಿ: ಕೊನೆಯ ಮೊತ್ತ ಒಂದೇ ಇದ್ದು ಮೊದಲ ಹತ್ತು ದಿನ ಒಡೆದ ಕೆಸರಿನ ರೇಖೆ ಮುಂದಿದ್ದರೆ, ನಿಮ್ಮ ಡೈಜೆಸ್ಟರ್‌ನಲ್ಲಿ ಕೆಸರು ನಿಲ್ಲುವ ದಿನಗಳು ಕಡಿಮೆಯಿದ್ದಾಗ ಅದೂ ಲಾಭವೇ.

ಬಾಟಲಿಗಳು ಒಪ್ಪಿದರೆ ಸ್ಥಾವರದ ಗಾತ್ರ ಲೆಕ್ಕ ಹಾಕಬಹುದು. ಜರ್ಮನಿಯ ಬಾಂಬರ್ಗ್ ಮೊದಲಾದ ಕಡೆ ಎರಡನೆಯ ಹಂತದ ಕೆಸರನ್ನೆಲ್ಲ ಒಡೆಯದೆ ಅದರ ಒಂದು ಪಾಲನ್ನು ಮಾತ್ರ ಒಡೆಯುವ ಕ್ರಮವನ್ನು ಅನುಸರಿಸಿದ್ದಾರೆ, ಗಿಟ್ಟುವ ದಾರಿಯೂ ಅದೇ. ಉದಾಹರಣೆಗೆ ದಿನಕ್ಕೆ 100 ಘನ ಮೀಟರ್, ಶೇ. 4ರ ಸಾಂದ್ರ ಕೆಸರು ಬರುವ ಸ್ಥಾವರದಲ್ಲಿ ಒಣ ಘನಾಂಶ 4,000 ಕಿಲೋ, ಅದರಲ್ಲಿ ಸಾವಯವ 2,800 ಕಿಲೋ. ಇದರ 30 ಘನ ಮೀಟರ್ ಮಾತ್ರ 300 ಕಿಲೋಜೂಲ್‌ನಂತೆ ಒಡೆದರೆ ದಿನಕ್ಕೆ 100 ಯೂನಿಟ್ ಖರ್ಚು, ಯಂತ್ರದ ನಿರಂತರ ಎಳೆತ 4.2 ಕಿಲೋವ್ಯಾಟ್. ಇದರಿಂದ ಒಟ್ಟು ಸಾವಯವ ಇಳಿಕೆ ಶೇ. 35ರಿಂದ 38ಕ್ಕೆ ಏರಿತು ಎಂದಾದರೆ 84 ಕಿಲೋ ಹೆಚ್ಚು ಕರಗಿ, ಸುಮಾರು 147 ಯೂನಿಟ್ ವಿದ್ಯುತ್ ಬರುತ್ತದೆ. ಉಳಿತಾಯ ದಿನಕ್ಕೆ 47 ಯೂನಿಟ್, ಅದರಲ್ಲೂ ಪಂಪು ತನ್ನ ಪಾಲನ್ನು ಕೇಳುತ್ತದೆ. ಹಾಗಾದರೆ ಯಾಕೆ ಮಾಡಬೇಕು? ಕರಗಿದ ಆ 84 ಕಿಲೋ ಹಿಂಡಿದ ಕೆಸರಿನ ಲೆಕ್ಕದಲ್ಲಿ, ಶೇ. 20 ಘನಾಂಶದಂತೆ, ದಿನಕ್ಕೆ 420 ಕಿಲೋ, ವರ್ಷಕ್ಕೆ 150 ಟನ್ನಿನಷ್ಟು ಕಡಿಮೆ ಸಾಗಾಟ. ಕೆಸರು ಸಾಗಿಸಲು ಟನ್ನಿಗೆ ನೀವು ತೆರುವ ಹಣವನ್ನು ಇದಕ್ಕೆ ಗುಣಿಸಿ ನೋಡಿ. ಯಂತ್ರದ ಬೆಲೆಯನ್ನು ಹಿಂದಿರುಗಿಸುವುದು ಬಹುತೇಕ ಲಾರಿಯ ಲೆಕ್ಕವೇ, ಗ್ಯಾಸಿನ ಲೆಕ್ಕವಲ್ಲ.

ಅಳವಡಿಸುವಾಗ ಯಂತ್ರದ ಜಾಗ ಥಿಕನರ್‌ನ ನಂತರ, ಡೈಜೆಸ್ಟರ್‌ನ ಮೊದಲು. ಮುಖ್ಯ ಪೈಪಿನಿಂದ ಕವಲು ತೆಗೆದು, ಹದವಾದ ವೇಗದಲ್ಲಿ ದೂಡುವ ಸ್ಕ್ರೂ ಪಂಪು, ಫ್ಲೋಮೀಟರ್, ಒಂದರ ನಂತರ ಒಂದು ಹಾರ್ನ್ ಇರುವ ಕೋಣೆ, ಮತ್ತೆ ಮುಖ್ಯ ಪೈಪಿಗೆ ಸೇರ್ಪಡೆ, ಜೊತೆಗೆ ಯಂತ್ರ ಕೆಟ್ಟಾಗ ಕೆಸರು ನಿಲ್ಲದಂತೆ ಬೈಪಾಸ್. ಪಂಪಿಗೆ ಮೊದಲು ಒಳ್ಳೆಯ ಜರಡಿ ಅಥವಾ ಕೊಚ್ಚುವ ಯಂತ್ರ ಇರಲೇಬೇಕು. ನಮ್ಮ ಊರುಗಳ ಕೊಳಚೆ ನೀರಿನಲ್ಲಿ ಬರುವ ಕೂದಲು, ಶಾಂಪೂ ಸ್ಯಾಶೆಯ ಚೂರು, ಬಟ್ಟೆಯ ಎಳೆ ಇವೆಲ್ಲ ಎಷ್ಟೇ ಸೋಸಿದರೂ ಕೊನೆಯವರೆಗೆ ಬಂದುಬಿಡುತ್ತವೆ, ಹಾರ್ನಿಗೆ ಹಗ್ಗದಂತೆ ಹೊಸೆದುಕೊಳ್ಳುತ್ತವೆ. ಜನರೇಟರ್ ಪೆಟ್ಟಿಗೆಯನ್ನು ಡೈಜೆಸ್ಟರ್‌ನ ಗ್ಯಾಸ್ ಸೋರಬಹುದಾದ ವಲಯದಿಂದ ಹೊರಗೆ, ತಂಪಾದ, ಧೂಳಿಲ್ಲದ ಕೋಣೆಯಲ್ಲಿಡಬೇಕು. ಹಾರ್ನನ್ನು ದ್ರವವಿಲ್ಲದೆ ಗಾಳಿಯಲ್ಲಿ ಓಡಿಸಿದರೆ ಕನ್ವರ್ಟರ್ ಹಾಳಾಗುವುದರಿಂದ, ಹರಿವು ನಿಂತ ಕೂಡಲೇ ವಿದ್ಯುತ್ ತಾನಾಗಿ ಕಡಿಯುವ ವ್ಯವಸ್ಥೆ ಇಲ್ಲದ ಯಂತ್ರವನ್ನು ಒಪ್ಪಿಕೊಳ್ಳಬೇಡಿ.

20 ಕಿಲೋಹರ್ಟ್ಸ್ ನಮ್ಮ ಕಿವಿಗೆ ಕೇಳಿಸದು ಎಂದು ಅಂದುಕೊಳ್ಳಬಾರದು. ಗುಳ್ಳೆಗಳು ಅದಕ್ಕಿಂತ ಕೆಳಗಿನ ಸ್ವರಗಳನ್ನೂ ಹೊರಡಿಸುತ್ತವೆ, ಹತ್ತು ನಿಮಿಷದಲ್ಲಿ ತಲೆ ನೋಯುತ್ತದೆ. ಲ್ಯಾಬ್‌ನಲ್ಲಿ ಪ್ರೋಬನ್ನು ಪೆಟ್ಟಿಗೆಯೊಳಗಿಟ್ಟು, ಕಿವಿಗೆ ರಕ್ಷಣೆ ಹಾಕಿಕೊಂಡು ಕೆಲಸ ಮಾಡಿ. ಪ್ರೋಬ್ ಎಬ್ಬಿಸುವ ಸೂಕ್ಷ್ಮ ಹನಿಗಳಲ್ಲಿ ರೋಗಾಣುಗಳಿರುತ್ತವೆ, ಮಾಸ್ಕ್ ಮತ್ತು ಕನ್ನಡಕ ಬಿಡಬೇಡಿ. ಸ್ಥಾವರದಲ್ಲಿ ಕೆಸರಿನ ಕೋಣೆ ತೆರೆಯುವ ಮುನ್ನ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಅಳೆಯದೆ ಯಾರನ್ನೂ ಬಗ್ಗಲು ಬಿಡಬೇಡಿ. ಗುತ್ತಿಗೆಯ ಸಹಾಯಕನೇ ಆಗಿರಲಿ, ಅವನಿಗೂ ಇದೇ ನಿಯಮ.

ಒಡೆದ ಕೆಸರು ಕೆಲವು ಹೊಸ ತೊಂದರೆಗಳನ್ನೂ ತರುತ್ತದೆ. ಕಣಗಳು ಸಣ್ಣದಾದಷ್ಟೂ ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ, ಪ್ರಮಾಣ ಮೀರಿದರೆ ಕೆಸರು ಹಿಂಡುವ ಸೆಂಟ್ರಿಫ್ಯೂಜ್‌ನಲ್ಲಿ ಕಣಗಳನ್ನು ಒಟ್ಟುಗೂಡಿಸುವ ಪಾಲಿಮರ್ ಹೆಚ್ಚು ಬೇಕಾಗುತ್ತದೆ. ಡೈಜೆಸ್ಟರ್ ಆದ ಮೇಲಿನ ಕೆಸರಿಗೆ ಪಾಲಿಮರ್ ಜಾಡಿ ಪರೀಕ್ಷೆಯನ್ನು ಯಂತ್ರ ಹಾಕುವ ಮೊದಲೂ ನಂತರವೂ ಮಾಡಿ, ಆ ಖರ್ಚನ್ನೂ ಮೇಲಿನ ಲೆಕ್ಕಕ್ಕೆ ಸೇರಿಸಿ. ಹೆಚ್ಚು ಕೋಶ ಕರಗಿದರೆ ಅದರೊಳಗಿನ ಸಾರಜನಕ, ರಂಜಕ ಕೂಡ ಹೊರಬರುತ್ತವೆ. ಹಿಂಡಿದ ನೀರು ಮತ್ತೆ ಸ್ಥಾವರದ ತಲೆಗೆ ಹೋಗುವಾಗ ಅಮೋನಿಯಾ ಏರಿರುತ್ತದೆ, ಏರೇಷನ್‌ಗೆ ಆ ಹೊರೆಯೂ ಬೀಳುತ್ತದೆ.

ಯಾರಿಗೆ ಇದು ಬೇಡ ಎಂಬುದನ್ನೂ ಹೇಳಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆಯಲ್ಲಿರುವ ಚಿಕ್ಕ ಎಸ್‌ಟಿಪಿಗಳಲ್ಲಿ (ಕೊಳಚೆ ನೀರು ಶುದ್ಧೀಕರಣ ಘಟಕಗಳಲ್ಲಿ) ಡೈಜೆಸ್ಟರ್ ಇರುವುದಿಲ್ಲ, ಕೆಸರು ಫಿಲ್ಟರ್ ಪ್ರೆಸ್‌ಗೆ ಹೋಗುತ್ತದೆ. ಅಲ್ಲಿ ಕೆಸರನ್ನು ಒಡೆದರೆ ಹಿಂಡುವುದು ಕಷ್ಟವಾದೀತೇ ಹೊರತು ಲಾಭವಿಲ್ಲ. ಏರೇಷನ್‌ನಲ್ಲೇ ಕೆಸರನ್ನು ಬಹಳ ದಿನ ಉಳಿಸಿಕೊಳ್ಳುವ ಸ್ಥಾವರಗಳಲ್ಲಿ ಕರಗುವ ಭಾಗ ಅಲ್ಲೇ ಕರಗಿಹೋಗಿರುವುದರಿಂದ ಡೈಜೆಸ್ಟರ್‌ಗೆ ಉಳಿಯುವುದು ಕಡಿಮೆ. ಡೈಜೆಸ್ಟರ್ ಇದ್ದೂ ಗ್ಯಾಸ್ ಎಂಜಿನ್ ಕೆಟ್ಟು ಗ್ಯಾಸನ್ನು ಸುಮ್ಮನೆ ಉರಿಸಿಬಿಡುವ ಕಡೆ ಮೊದಲು ಎಂಜಿನ್ ರಿಪೇರಿಯಾಗಲಿ.

ಯಂತ್ರ ಓಡಲು ಶುರುವಾದ ಮೇಲೆ ಪ್ರತಿ ಪಾಳಿಯಲ್ಲಿ ನಾಲ್ಕು ಸಂಖ್ಯೆ ಬರೆದಿಡುವ ಅಭ್ಯಾಸ ಬೇಕು: ಹರಿವು, ಕೆಸರಿನ ಒಣ ಘನಾಂಶ, ಮೀಟರಿನ ಯೂನಿಟ್, ಗ್ಯಾಸಿನ ಅಳತೆ. ಮೊದಲ ಮೂರರಿಂದ ಕಿಲೋಗೆ ಎಷ್ಟು ಕಿಲೋಜೂಲ್ ಎಂಬುದು ಅಲ್ಲೇ ಸಿಗುತ್ತದೆ. ಡೈಜೆಸ್ಟರ್‌ನಲ್ಲಿ ಕೆಸರು ನಿಲ್ಲುವ ಅವಧಿಯ ಎರಡು ಮೂರು ಪಟ್ಟು ದಿನ ಕಳೆಯುವವರೆಗೆ ಫಲದ ಬಗ್ಗೆ ತೀರ್ಮಾನಿಸಬೇಡಿ, ಹಳೆಯ ಕೆಸರು ಪೂರ್ತಿ ಹೊರಹೋಗಲು ಅಷ್ಟು ಹೊತ್ತು ಹಿಡಿಯುತ್ತದೆ. ತಿಂಗಳಿಗೊಮ್ಮೆ ಕೋಣೆ ಬಿಚ್ಚಿ ಹಾರ್ನಿನ ತುದಿಯನ್ನು ಕೈಬೆರಳಿಂದ ಸವರಿ ನೋಡಿ. ಹೊಸದರಲ್ಲಿ ಕನ್ನಡಿಯಂತಿದ್ದ ಟೈಟಾನಿಯಮ್ ಕ್ರಮೇಣ ಬೂದು ಬಣ್ಣಕ್ಕೆ ತಿರುಗಿ, ಮರಳುಕಾಗದದಂತೆ ತರಿತರಿಯಾಗಿ, ಆಮೇಲೆ ಗೆದ್ದಲು ತಿಂದ ಮರದಂತೆ ಗುಳಿಬೀಳುತ್ತದೆ. ಕೆಸರನ್ನು ಒಡೆಯುವ ಅದೇ ಗುಳ್ಳೆಗಳು ಹಾರ್ನನ್ನೂ ತಿನ್ನುತ್ತಿರುತ್ತವೆ. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಆಗಿದ್ದರೆ, ಮೀಟರಿನ ಯೂನಿಟ್ ಮೊದಲಿನಷ್ಟೇ ಇದ್ದರೂ ಕೆಸರಿಗೆ ಇಳಿಯುವ ಶಕ್ತಿ ಕುಗ್ಗಿರುವ ಸಂಭವವಿದೆ. ತಯಾರಕರು ಹೇಳಿದ ಅವಧಿ ಮುಗಿಯುವವರೆಗೆ ಕಾಯದೆ ಹಾರ್ನ್ ಬದಲಿಸಿ, ಬದಲಿಸಿದ ದಿನಾಂಕವನ್ನು ಅದೇ ಪುಸ್ತಕದಲ್ಲಿ ಬರೆದಿಡಿ.